ಮೂರು ಸುತ್ತಿನ ಗಂಟು

ಧಡಲ್, ಧಡಲ್, ಧಡಲ್. ಬೆಳಗಿನ ರೈಲು ಹಳ್ಳದ ಮೇಲಿನ ಸೇತುವೆ ದಾಟುವ ಸದ್ದು. ದುಧನಿ ನಿಲ್ದಾಣ ಹತ್ತಿರವಾದಂತೆ ಗಾಡಿ ವೇಗ ತಗ್ಗಿಸುತ್ತದೆ. ಹಾಗಾಗಿ ಆ ಸದ್ದು ಒಮ್ಮೆಲೇ ಮುಗಿಯುವುದಿಲ್ಲ. ಒಂದೊಂದು ಡಬ್ಬಿಯೂ ತನ್ನ ತೂಕವನ್ನು ಬೇರೆಬೇರೆಯಾಗಿ ಹೇಳಿ ಹೋಗುತ್ತದೆ. ಸೇತುವೆಯ ಪಕ್ಕದ ಹೊಲದಲ್ಲಿ ಗುರುಬಾಯಿ ಆ ಸದ್ದು ಕೇಳಿದೊಡನೆ ಕೈಯಲ್ಲಿದ್ದ ತಂಬಿಗೆಯನ್ನು ಬಗ್ಗಿಸುತ್ತಾಳೆ. ಕಡೆಯ ಡಬ್ಬಿ ದಾಟುವಷ್ಟರಲ್ಲಿ ತಂಬಿಗೆ ಬರಿದಾಗಬೇಕು. ಹನ್ನೊಂದು ವರ್ಷದಿಂದ ಇದೇ ಅಳತೆ. ನೀರು ಬೀಳುವುದು ಒಂದು ಸಮಾಧಿಯ ಮೇಲೆ. ಅದರ ಮುಂದೆ ನಿಲ್ಲಿಸಿದ ಕಲ್ಲಿನ ಮೇಲೆ ಅವಳ ತಮ್ಮನ ಹೆಸರಿದೆ: ಲಿಂಗೈಕ್ಯ ಸಾತಲಿಂಗಪ್ಪ.

ಆ ಸಾತಲಿಂಗಪ್ಪ ಅಲ್ಲೇ ಬೇವಿನ ಮರದ ಕೆಳಗೆ ಹೊರಸಿನ ಮೇಲೆ ಕೂತು, ಚಹಾದಲ್ಲಿ ಟೋಸ್ಟ್ ಅದ್ದಿಕೊಂಡು ತಿನ್ನುತ್ತಿದ್ದ.

"ಅಕ್ಕಾ, ನನ್ನ ಮ್ಯಾಲ ನೀರ ಹಾಕೂದು ಮುಗೀತಂದ್ರ ಇತ್ತಾಗ ಬಾ. ಚಹಾ ಆರಾಕತ್ತದ."

"ನಿನ್ನ ಮ್ಯಾಲ ಯಾರ್ ಹಾಕ್ಯಾರ? ನಿನಗ ಹಾಕೂದಾಗಿದ್ರ ಸುಡು ನೀರ ತರ್ತಿದ್ದೆ" ಎಂದಳು ಗುರುಬಾಯಿ. ಕಲ್ಲಿನ ಮೇಲೆ ಒಂದು ಕಣಗಿಲೆ ಹೂವಿಟ್ಟು ಸೆರಗು ಸರಿಮಾಡಿಕೊಂಡಳು.

ಸಮಾಧಿಯೊಳಗೆ ಇರುವವನು ಯಾರು ಎಂದು ಅವಳಿಗೆ ತಿಳಿದು ಹದಿನೈದು ದಿನವಾಗಿತ್ತು. ಅವನ ತಾಯಿ ಇಂದು ಮಧ್ಯಾಹ್ನದ ಗಾಡಿಗೆ ಸೊಲ್ಲಾಪುರದಿಂದ ಬರುವವಳಿದ್ದಳು. ಮಗ ಸತ್ತಿದ್ದಾನೆಂದು ಆ ತಾಯಿಗೆ ಗೊತ್ತಿರಲಿಲ್ಲ. ಹೇಳಬೇಕಾದವಳು ಗುರುಬಾಯಿ. ಹೇಳಬೇಡ ಎನ್ನುವವನು ಸಾತಲಿಂಗಪ್ಪ. ಮೂರು ದಿನದಿಂದ ಅಕ್ಕ ತಮ್ಮನ ನಡುವೆ ಇದೇ ಮಾತು ನಡೆದಿತ್ತು.

ಗುರುಬಾಯಿಗೆ ಈಗ ಅರವತ್ತೆರಡು. ಮಕ್ಕಳಿಲ್ಲ. ಗಂಡ ತೀರಿಕೊಂಡ ಎರಡನೆಯ ವರ್ಷ ತಮ್ಮನ ಹೆಂಡತಿಯೂ ತೀರಿಕೊಂಡಳು. ಎರಡು ವರ್ಷದ ಕೂಸು ಶೀತಲಳನ್ನು ಎತ್ತಿಕೊಳ್ಳಲು ಗುರುಬಾಯಿ ತವರಿಗೆ ಬಂದಳು, ಮತ್ತೆ ಹೋಗಲಿಲ್ಲ. ಅವಳದು ನೆಟ್ಟಗಿನ ಮೈಕಟ್ಟು, ದೊಡ್ಡ ದನಿ, ಅದಕ್ಕಿಂತ ದೊಡ್ಡ ನಾಲಿಗೆ. ಬಾವಿಯ ಮೋಟಾರು ಕೆಟ್ಟರೆ ತಾನೇ ಬಿಚ್ಚುತ್ತಾಳೆ. ನಟ್ಟು ಬಿಚ್ಚುವ ಪಾನೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಬಾವಿಯ ಕಡೆ ನಡೆದರೆ ಗಂಡಸರು ದಾರಿ ಬಿಡುತ್ತಾರೆ. ಜೋಳದ ರೊಟ್ಟಿಯನ್ನು ಹಪ್ಪಳದಂತೆ ಒಣಗಿಸಿ ಬಿದಿರ ಬುಟ್ಟಿಯಲ್ಲಿ ಗೋಪುರ ಕಟ್ಟುತ್ತಾಳೆ. ಮನೆಯವರೆಲ್ಲರ ಶಿವದಾರವನ್ನೂ, ಅಂದರೆ ಕೊರಳಲ್ಲಿ ಇಷ್ಟಲಿಂಗದ ಕರಡಿಗೆ ತೂಗುವ ನೂಲನ್ನು, ಅವಳೇ ಹೊಸೆಯುತ್ತಿದ್ದಳು. ಐದು ಎಳೆ, ಎರಡು ಸುತ್ತು, ಎಡಕ್ಕೆ ತಿರುವಿ ಜಗ್ಗಿದ ಗಂಟು. ಅವ್ವ ಹಾಗೆ ಹಾಕುತ್ತಿದ್ದಳು. ಇವಳೂ ಹಾಗೇ ಹಾಕಿದಳು.

ಹನ್ನೊಂದು ವರ್ಷದ ಹಿಂದೆ, ಮಿರಗದ, ಅಂದರೆ ಮೃಗಶಿರೆಯ, ಮೊದಲ ಮಳೆಯ ಹೊತ್ತಿಗೆ, ಸಾತಲಿಂಗಪ್ಪ ಮೋಟಾರು ಬಂದ್ ಮಾಡುವುದನ್ನು ಮರೆತ. ಹೊಸದಾಗಿ ಹಚ್ಚಿದ ಉಳ್ಳಾಗಡ್ಡಿ ಸಸಿಯೆಲ್ಲ ಬೆಳಗಾಗುವುದರೊಳಗೆ ಕೊಚ್ಚಿಹೋಗಿತ್ತು. ಕಟ್ಟೆಯ ಮೇಲೆ ಹತ್ತು ಮಂದಿ ಕೂತಿದ್ದಾಗ ಗುರುಬಾಯಿ ಅಂದಳು: "ನಿನ್ನ ಕೈಯಾಗ ಏನೂ ನೆಟ್ಟಗ ಆಗಂಗಿಲ್ಲ. ನೀ ಇದ್ರೂ ಅಷ್ಟ, ಇರದಿದ್ರೂ ಅಷ್ಟ."

ಹತ್ತು ಮಂದಿ ನಕ್ಕರು. ಅವನೂ ನಕ್ಕ. ಸಂಜೆ ನೋಡಿದರೆ ಅವನಿಲ್ಲ.

ಮೂರು ತಿಂಗಳು ಗುರುಬಾಯಿ ಹುಡುಕಿದಳು. ಅಕ್ಕಲಕೋಟಿನ ಅನ್ನಛತ್ರದ ಸಾಲುಗಳಲ್ಲಿ ಕೂತವರ ಮುಖಗಳನ್ನು ಒಂದೊಂದಾಗಿ ನೋಡುತ್ತ ನಡೆದಳು. ಸೊಲ್ಲಾಪುರದ ಬಸ್ ನಿಲ್ದಾಣದಲ್ಲಿ ಅವನ ಫೋಟೋ ತೋರಿಸಿ ಕೇಳಿದಳು. ಭಾದ್ರಪದದಲ್ಲಿ, ಸೇತುವೆಯ ಕೆಳಗೆ ಹಳ್ಳದಲ್ಲಿ ಒಂದು ಹೆಣ ಸಿಕ್ಕಿತು. ಗಾಡಿಯಿಂದ ಬಿದ್ದಿರಬೇಕು, ನೀರಲ್ಲಿ ಕೆಲವು ದಿನ ಇದ್ದಿರಬೇಕು ಎಂದರು. ಮುಖ ನೋಡುವ ಹಾಗಿರಲಿಲ್ಲ. ಅವನಷ್ಟೇ ಎತ್ತರ, ಅವನ ಹಾಗೇ ಬಿಳಿ ಅಂಗಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ. ಪೊಲೀಸರು ಅದನ್ನು ಒಂದು ಹಾಳೆಯ ಮೇಲಿಟ್ಟು ಅವಳ ಮುಂದೆ ಹಿಡಿದರು.

ಅಂಥ ಕರಡಿಗೆ ಸೊಲ್ಲಾಪುರದ ಸರಾಫರು ವರ್ಷಕ್ಕೆ ನೂರಾರು ಮಾಡುತ್ತಾರೆ, ಎಲ್ಲದರ ಮೇಲೂ ಒಂದೇ ನಂದಿ. ಗುರುಬಾಯಿ ಅದನ್ನು ಕೈಗೆ ತೆಗೆದುಕೊಂಡಳು. ಹೆಬ್ಬೆರಳು ಬೆಳ್ಳಿಯನ್ನು ದಾಟಿ ದಾರಕ್ಕೆ ಬಂತು, ದಾರದ ಗಂಟಿಗೆ ಬಂತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ನಮ್ದ" ಎಂದಳು.

ಊರಿನ ಮಠದ ಬಸಯ್ಯ ಕ್ರಿಯೆ ಮಾಡಿಸಿದರು. ಅವರ ಜನದ ಪದ್ಧತಿಯಂತೆ ಕೂರಿಸಿ, ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಬಿಲ್ವಪತ್ರಿ ತುಂಬಿ ಮಣ್ಣು ಕೊಟ್ಟರು. ಬರಿದಾದ ಕರಡಿಗೆ ಮತ್ತು ದಾರ ಮನೆಗೆ ಬಂದು ಟ್ರಂಕಿನ ತಳ ಸೇರಿದವು. ದಿನದ ಕಾರ್ಯಕ್ಕೆ ಊರಿಗೆಲ್ಲ ಹುಗ್ಗಿ ಊಟ. ಹದಿಮೂರು ವರ್ಷದ ಶೀತಲ ಅತ್ತಳು. ಗುರುಬಾಯಿ ಮಣ್ಣು ಕೊಟ್ಟ ರಾತ್ರಿಯೇ ಮೂರು ತಿಂಗಳಲ್ಲಿ ಮೊದಲ ಸಲ ನಿದ್ದೆ ಮಾಡಿದಳು.

ಈ ವರ್ಷದ ಬೇಸಿಗೆಯಲ್ಲಿ ದುಧನಿಯ ಒಬ್ಬ ಲಾರಿ ಡ್ರೈವರ್ ಮಾವು ತುಂಬಲು ರತ್ನಾಗಿರಿ ಕಡೆ ಹೋಗಿದ್ದ. ತೋಟದ ಗೇಟು ತೆಗೆದ ಕಾವಲುಗಾರನನ್ನು ನೋಡಿ ಅವನು ಲಾರಿಯ ಬಾಗಿಲು ಒಳಗಿನಿಂದ ಹಾಕಿಕೊಂಡ. ಗಾಜಿನೊಳಗಿಂದಲೇ ಕೂಗಿದನಂತೆ: "ಏ ಸಾತಲಿಂಗಾ! ನಿನ್ನ ದಿನದ ಹುಗ್ಗಿ ನಾ ಉಂಡೀನಲ್ಲೋ!"

ಸಾತಲಿಂಗಪ್ಪನಿಗೆ ಮೊದಲು ಸಿಟ್ಟು ಬಂತು. ಆಮೇಲೆ, ಹುಗ್ಗಿ ಚಲೋ ಆಗಿತ್ತೇನು ಎಂದು ಕೇಳಿದ. ಕಡೆಗೆ ಅಲ್ಲೇ ಗೇಟಿಗೆ ಒರಗಿ ಕೂತು ಅತ್ತ. ತನ್ನನ್ನು ಯಾರೂ ಹುಡುಕಿರಲಾರರು ಎಂದು ನಂಬಿಯೇ ಅವನು ಹನ್ನೊಂದು ವರ್ಷ ಸಮುದ್ರದ ದಂಡೆಯಲ್ಲಿ ಕಳೆದಿದ್ದ. ಅದೇ ಲಾರಿಯಲ್ಲಿ, ಮಾವಿನ ಪೆಟ್ಟಿಗೆಗಳ ನಡುವೆ ಕೂತು ಊರಿಗೆ ಬಂದ.

ಸೊಲ್ಲಾಪುರದ ಪೇಪರಿನವರು ಬಂದರು, ಮೊಬೈಲಿನಲ್ಲಿ ಸುದ್ದಿ ಮಾಡುವ ಹುಡುಗರು ಬಂದರು. ಸಾತಲಿಂಗಪ್ಪನನ್ನು ಅವನದೇ ಸಮಾಧಿಯ ಪಕ್ಕ ನಿಲ್ಲಿಸಿ ಫೋಟೋ ಹಿಡಿದರು. 'ವಿಚಿತ್ರ ಆದರೂ ನಿಜ' ಎಂದು ಮರಾಠಿಯಲ್ಲಿ ದಪ್ಪ ಅಕ್ಷರದಲ್ಲಿ ಬಂದುದನ್ನು ಶೀತಲ ಓದಿ ಹೇಳಿದಳು; ಅವಳು ಸೊಲ್ಲಾಪುರದ ಚಾದರ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ, ಕನ್ನಡ ಮಾತಾಡಿದರೂ ಓದಲು ಬಾರದು. ಅಕ್ಕಲಕೋಟಿನ ಕಚೇರಿಗೆ ಸಾತಲಿಂಗಪ್ಪ ತಾನು ಜೀವಂತ ಇದ್ದೇನೆಂದು ಅರ್ಜಿ ಹಿಡಿದು ಹೋದಾಗ ಗುಮಾಸ್ತ ಎದ್ದು ನಿಂತು, ಮೊದಲು ಒಂದು ಕಪ್ ಚಹಾ ತರಿಸಿದ. ಸತ್ತವನು ಕುಡಿಯುವುದನ್ನು ನೋಡಿದ ಮೇಲೆಯೇ ಅರ್ಜಿ ತೆಗೆದುಕೊಂಡ.

ಎಲ್ಲರೂ ಬದುಕಿ ಬಂದವನ ಬಗ್ಗೆ ಕೇಳಿದರು. ಒಳಗಿರುವವನು ಯಾರು ಎಂದು ಒಬ್ಬರೂ ಕೇಳಲಿಲ್ಲ. ಪೊಲೀಸರು ಮಾತ್ರ ಗುರುಬಾಯಿಯ ಹೇಳಿಕೆ ಬರೆದುಕೊಂಡು, ಆ ವರ್ಷ ಕಾಣೆಯಾದವರ ಪಟ್ಟಿಯನ್ನು ನೋಡುತ್ತೇವೆ, ತಿಳಿದರೆ ಹೇಳಿ ಕಳಿಸುತ್ತೇವೆ ಎಂದರು.

ಒಂದು ವಾರದ ಮೇಲೆ ಸಾತಲಿಂಗಪ್ಪ ಬಾಡಿಗೆಯ ಟ್ರ್ಯಾಕ್ಟರ್ ಕರೆತಂದ. "ನನ್ನ ಗೋರಿ ನಾನ ದಿನಾ ನೋಡ್ಕೊಂತ ಕೂಡಬೇಕೇನು? ಸಪಾಟ ಮಾಡಿ ತೊಗರಿ ಹಾಕೂಣು."

ಗುರುಬಾಯಿ ಟ್ರ್ಯಾಕ್ಟರಿನ ಮುಂದೆ ಬಂದು ನಿಂತಳು. "ಒಳಗ ಇದ್ದಾಂವ ನೀ ಅಲ್ಲ. ಅಲ್ಲಂದ ಮ್ಯಾಲ ನಿನಗೇನು ಹಕ್ಕ ಅದ?"

ಟ್ರ್ಯಾಕ್ಟರಿನವನು ಬಿದ್ದು ಬಿದ್ದು ನಕ್ಕು ತಿರುಗಿ ಹೋದ.

ಆ ದಿನವೇ ಅವಳು ಟ್ರಂಕು ತೆಗೆದಳು. ದಾರ ಹಳದಿಗಟ್ಟಿತ್ತು, ಆದರೆ ಗಂಟು ಹಾಗೆಯೇ ಇತ್ತು. ಮೂರು ಸುತ್ತು, ಬಲಕ್ಕೆ ತಿರುವಿದ್ದು. ದಾರದ ಚುಂಗು ಹೊರಗೆ ಬಿಟ್ಟಿರಲಿಲ್ಲ. ಗಂಟಿನ ಹೊಟ್ಟೆಯೊಳಗೇ ಮಡಚಿ ಸೇರಿಸಿತ್ತು. ತಮ್ಮನ ಕೊರಳಲ್ಲಿದ್ದ ಕರಡಿಗೆಯನ್ನು ಹತ್ತಿರ ತಂದು ನೋಡಿದಳು. ಅವಳು ಹೊಸೆದ ದಾರ ಎಂದೋ ಹರಿದು, ಅವನು ಮೀನುಗಾರರ ನೈಲಾನ್ ಹುರಿ ಕಟ್ಟಿಕೊಂಡಿದ್ದ.

"ಅಯ್ಯ ನಿನ್ನ! ಲಿಂಗಕ್ಕ ಮೀನದ ಬಲಿ ಕಟ್ಟೀದಿ?"

"ಬಲಿ ಹೊಸಾದಿತ್ತ ಅಕ್ಕಾ. ಒಂದ ಮೀನಾನೂ ಬಿದ್ದಿದ್ದಿಲ್ಲ."

ಶೀತಲ ದಾರದ ಫೋಟೋ ತೆಗೆದು ಸಿಕ್ಕ ಸಿಕ್ಕ ಗ್ರೂಪಿಗೆ ಕಳಿಸಿದಳು. ಕೆಲವರು ಕೈ ಮುಗಿದ ಚಿತ್ರ ಹಾಕಿದರು. ಒಬ್ಬ ಬೆಳ್ಳಿ ಎಷ್ಟು ತೊಲೆ ಎಂದು ಕೇಳಿದ. ಲಾತೂರಿನವನೊಬ್ಬ ಇದು ತನ್ನ ಸೋದರಮಾವನದೇ ಎಂದ. ವಿಚಾರಿಸಿದರೆ ಆ ಮಾವ ತೀರಿಕೊಂಡು ಐವತ್ತು ವರ್ಷವಾಗಿತ್ತು.

"ಫೋಟೋದಾಗ ಗಂಟು ತಿಳ್ಯಾಂಗಿಲ್ಲವ್ವಾ, ಬೆರಳಿಗೆ ತಿಳೀತದ" ಎಂದಳು ಗುರುಬಾಯಿ. ದಾರವನ್ನು ಕೈವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗಿಟ್ಟುಕೊಂಡು ಹೊರಟಳು. ಮದುವೆಯ ಮನೆಗಳಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸರ ಕೈಗೆ ಕೊಟ್ಟು ಮುಟ್ಟಿಸಿದಳು. ಕಂದಲಗಾಂವದ ಒಂದು ತೊಟ್ಟಿಲ ಕಾರ್ಯದಲ್ಲಿ ಮೂವತ್ತು ಹೆಂಗಸರು ಮುಟ್ಟಿ ನೋಡಿದರು. ಯಾರ ಕೈಯದೂ ಅಲ್ಲ. ಮಳೆಗಾಲ ಹೋಯಿತು, ದೀಪಾವಳಿ ಹೋಯಿತು, ತೊಗರಿ ಸೊಂಟದೆತ್ತರ ಬಂತು.

ಹದಿನೈದು ದಿನದ ಹಿಂದೆ ಶೀತಲಳೇ ಅವಳನ್ನು ಸೊಲ್ಲಾಪುರದ ಪೇಟೆಯ ಒಂದು ಹಳೆಯ ಅಂಗಡಿಗೆ ಕರೆದೊಯ್ದಳು. ವಿಭೂತಿ, ರುದ್ರಾಕ್ಷಿ, ಕರಡಿಗೆ, ಶಿವದಾರ ಮಾರುವ ಅಂಗಡಿ. ನಾಲ್ಕು ತಲೆಮಾರಿನ ವ್ಯಾಪಾರ. ಮಾಲೀಕ ಯೋಗಿರಾಜ ಗಿರಾಕಿಗಳನ್ನು ನೋಡುತ್ತಿದ್ದ. ಅವನ ತಾಯಿ ಕಸ್ತೂರಬಾಯಿ, ಎಂಬತ್ತರ ಹತ್ತಿರದ ಮುದುಕಿ, ಒಳಗಡೆ ಗಾದಿಯ ಮೇಲೆ ಕಾಲು ಚಾಚಿ ನೂಲು ಹೊಸೆಯುತ್ತಿದ್ದಳು. ಕಣ್ಣಿನ ಪೊರೆ ಬಲಿತು ಅವಳಿಗೆ ಮುಖಗಳು ಕಾಣುತ್ತಿರಲಿಲ್ಲ. ಗುರುಬಾಯಿ ದಾರವನ್ನು ಅವಳ ಅಂಗೈಯಲ್ಲಿಟ್ಟಳು.

ಮುದುಕಿಯ ಬೆರಳು ಗಂಟಿನ ಮೇಲೆ ಒಮ್ಮೆ ಆಡಿತು. "ಗಿರಿಜಾಬಾಯಿ ಬಂದಾಳೇನು? ಶ್ರಾವಣ ಮುಗದು ಎಷ್ಟ ದಿನಾತು, ಈಗ್ಯಾಕ ಬಂದಾಳ?"

"ಯಾವ ಗಿರಿಜಾಬಾಯಿರೀ?" ಗುರುಬಾಯಿ ಗಾದಿಯ ಅಂಚಿಗೆ ಕೂತಳು.

"ನಂದೇಶ್ವರದಾಕಿ. ವರ್ಷಾ ಶ್ರಾವಣದಾಗ ಬಂದು ನೂಲ ಒಯ್ತಾಳ. ಗಂಟು ನಮಗ ಹಾಕಗೊಡಂಗಿಲ್ಲ, ಇಲ್ಲೇ ನನ್ನ ಮುಂದ ಕೂತು ತಾನ ಹಾಕ್ತಾಳ. ಮೂರ ಸುತ್ತ. ಚುಂಗ ಒಳಗ ಮಡಚ್ತಾಳ, ಮಗನ ಕುತಗಿಗಿ ಚುಚ್ಚಬಾರದಂತ."

"ಮಗ ಎಲ್ಲಿ ಅದಾನ?"

"ಗುರುಸಿದ್ಧಂತ ಹೆಸರು. ಗುಲಬರ್ಗಾ ಕಡೆ ದುಡ್ಯಾಕ ಹೋಗ್ಯಾನಂತ. ಬಂದಾಗ ಕೊಳ್ಳಾಗಿನ ದಾರ ಜೀರ್ಣ ಆಗಿರ್ತದ, ಹೊಸಾದು ತಯಾರ ಇರ್ಲಿ ಅಂತಾಳ. ಹತ್ತೋ ಹನ್ನೊಂದೋ ದಾರ ಆಗ್ಯಾವ ಅಕಿ ಪೆಟಗ್ಯಾಗ. ಕಾಣಿ ಆಗ್ಯಾನಂತ ಕಂಪ್ಲೇಂಟ ಕೊಡವಾ ಅಂದ್ರ ಬೈತಾಳ. ದುಡ್ಯಾಕ ಹೋದಾಂವ ಕಾಣಿ ಹೆಂಗ ಆಗ್ತಾನ ಅಂತಾಳ."

ವಿಭೂತಿ ಗಟ್ಟಿಗಳನ್ನು ಕಟ್ಟುತ್ತಿದ್ದ ಯೋಗಿರಾಜನ ಕೈ ನಿಂತಿತು. ಶೀತಲ ಸೋದರತ್ತೆಯ ತೋಳು ಹಿಡಿದಳು. ಯಾರೂ ಮಾತಾಡದ್ದರಿಂದ ಕಸ್ತೂರಬಾಯಿಗೆ ಎಲ್ಲ ತಿಳಿಯಿತು. ದಾರವನ್ನು ಮಡಿಲಲ್ಲಿಟ್ಟುಕೊಂಡು, ಮತ್ತೆ ಗುರುಬಾಯಿಯ ಕೈಗೆ ಕೊಡುತ್ತ, "ಫೋನ ಮಾಡಿ ಏನಂತ ಹೇಳ್ಲಿ?" ಎಂದು ಕೇಳಿದಳು.

"ಅಕಿ ಹಾಕಿದ ದಾರ ಒಂದ ದುಧನಿಯಾಗ ಅದ, ಬಂದು ನೋಡವಾ ಅಂತ ಇಷ್ಟ ಹೇಳ್ರಿ. ಉಳಿದಿದ್ದ ನಾ ಹೇಳ್ತೀನಿ."

ಅಷ್ಟೇ ಹೇಳಿದರು. ತಪ್ಪಾಗಿದ್ದು ಅಲ್ಲಿ. ಮೂರು ದಿನದ ಹಿಂದೆ ಯೋಗಿರಾಜ ಗುರುಬಾಯಿಗೆ ಫೋನ್ ಮಾಡಿದ. ಗಿರಿಜಾಬಾಯಿ ಯಾವ ಗಾಡಿಗೆ ಬರುತ್ತಾಳೆಂದು ಹೇಳಿ, ತಡವರಿಸಿ, ಇನ್ನೊಂದು ಮಾತು ಸೇರಿಸಿದ: "ಮೌಶಿ, ಅಕಿ ಮಗ ನಿಮ್ಮ ಊರಾಗ ಅದಾನ ಅಂತ ತಿಳಕೊಂಡಾಳ. ಗುರುಸಿದ್ಧಗ ಶೇಂಗಾ ಹೋಳಗಿ ಅಂದ್ರ ಜೀವ, ಮಾಡ್ಕೊಂಡ ಬರ್ತೀನಿ ಅಂದ್ಲು. ನನ್ನ ಕಡೆಯಿಂದ ಏನೂ ಹೇಳಾಕ ಆಗಲಿಲ್ಲ."

ಅಂದಿನಿಂದ ಸಾತಲಿಂಗಪ್ಪ ಅಕ್ಕನ ಬೆನ್ನು ಹತ್ತಿದ್ದ. ಬಸಯ್ಯನವರ ಹತ್ತಿರವೂ ಎಳೆದೊಯ್ದ. ಬಸಯ್ಯನವರಿಗೆ ಈಗ ವಯಸ್ಸಾಗಿ ದನಿ ನಡುಗುತ್ತದೆ.

"ಅಯ್ಯಾರ, ನೀವಾರ ಹೇಳ್ರಿ ಇಕಿಗಿ. ಮುದುಕಿ ಆಸೇದಾಗ ಬದಕ್ಯಾಳ. ಅದನ್ನ ಯಾಕ ಕಸಗೊಳ್ಳೂದು?"

ಬಸಯ್ಯನವರು ಹಣೆ ತಿಕ್ಕಿಕೊಂಡರು. "ನಾ ಏನ ಹೇಳ್ಲೋ ತಮ್ಮಾ. ಅವತ್ತ ಅವನ ಕಿವ್ಯಾಗ ನಿನ್ನ ಹೆಸರ ಹೇಳೀನಿ. ಹನ್ನೊಂದ ವರ್ಷ ಆ ಪಾಪದಾಂವ ಈ ಸಾತಲಿಂಗಪ್ಪ ಯಾರಪ್ಪಾ ಅಂತ ವಿಚಾರ ಮಾಡ್ಕೊಂತ ಕೂತಾನ."

ಗುರುಬಾಯಿಗೆ ನಗು ಬಂತು. ನಗುತ್ತಲೇ ಕಣ್ಣೊರೆಸಿಕೊಂಡಳು.

ಮಧ್ಯಾಹ್ನ ಅಕ್ಕ ತಮ್ಮ ನಿಲ್ದಾಣಕ್ಕೆ ನಡೆದೇ ಹೋದರು. ಚಳಿಗಾಲದ ಬಿಸಿಲು ಹಿತವಾಗಿತ್ತು. ಪ್ಲಾಟ್‌ಫಾರ್ಮಿನ ಬೇವಿನ ಕೆಳಗೆ ಕಲ್ಲಿನ ಬೆಂಚು. ತೊಗರಿ ಚೀಲಗಳ ಮೇಲೆ ಒಂದು ನಾಯಿ ಮಲಗಿತ್ತು. ಗುರುಬಾಯಿ ಒಗೆದು ಇಟ್ಟಿದ್ದ ಇಳಕಲ್ ಸೀರೆ ಉಟ್ಟಿದ್ದಳು. ಬಲಗೈ ಮುಷ್ಟಿಯಲ್ಲಿ ದಾರವಿತ್ತು.

"ಅಕ್ಕಾ, ಇನ್ನೂ ಟೈಮ್ ಅದ, ವಿಚಾರ ಮಾಡು" ಎಂದ ಸಾತಲಿಂಗಪ್ಪ. "ದಾರ ಹಳ್ಳದ ದಂಡಿಗಿ ಸಿಕ್ಕಿತ್ತು ಅನ್ನು. ನಿನ್ನ ಮಗ ಬಂದಿದ್ದ, ಮುಂದ ಹೋದ, ಎಲ್ಲಿಗ್ಯೋ ಗೊತ್ತಿಲ್ಲ ಅನ್ನು. ಸುಳ್ಳೇನಲ್ಲಲ್ಲ?"

"ಮತ್ತ ಹೋಳಗಿ?"

"ನಾ ತಿಂತೀನಿ" ಎಂದ ಅವನು. ಇಬ್ಬರೂ ನಗಲಿಲ್ಲ.

ಅವನೇ ಮತ್ತೆ ಕೇಳಿದ: "ನೀ ಹನ್ನೊಂದ ವರ್ಷ ನಾ ಸತ್ತೀನಂತ ತಿಳಕೊಂಡಿ. ತಿಳಕೊಂಡು ಏನ್ ಸುಖ ಬಂತ ನಿನಗ?"

"ನಿದ್ದಿ ಬಂತು."

ಅವನು ಅಕ್ಕನ ಮುಖ ನೋಡಿದ.

"ಮೂರ ತಿಂಗಳ ನಿದ್ದಿ ಇದ್ದಿದ್ದಿಲ್ಲ ನನಗ" ಎಂದಳು ಗುರುಬಾಯಿ. ಅವಳ ದೊಡ್ಡ ದನಿ ಸಣ್ಣದಾಗಿತ್ತು. "ಹೊರಗ ನಾಯಿ ಬೊಗಳಿದ್ರ ನೀ ಬಂದಿ ಅಂತ ಏಳ್ತಿದ್ದೆ. ಕಟ್ಟಿ ಮ್ಯಾಲ ಅಂದ ಮಾತ ಕಿವ್ಯಾಗ ತಿರಗತಿತ್ತು. ಮಣ್ಣ ಕೊಟ್ಟ ದಿನ ನಿದ್ದಿ ಬಂತು. ಸಾತೂ, ಅದು ಆ ತಾಯೀ ನಿದ್ದಿ. ನಾ ಕಸಗೊಂಡಿದ್ದೆ. ಅಕಿ ಇನ್ನೂ ನಾಯಿ ಬೊಗಳಿದ್ರ ಏಳಾಕತ್ಯಾಳ."

"ನೀ ಏನ್ ಬೇಕಂತ ಕಸಗೊಂಡಿದ್ದೇನು? ತಿಳೀದ ಆಗಿದ್ದು."

ಗುರುಬಾಯಿ ಮುಷ್ಟಿ ಬಿಚ್ಚಿದಳು. ಹಳದಿ ದಾರ ಬೆವರಿಗೆ ಅಂಗೈಗೆ ಅಂಟಿತ್ತು. "ತಿಳದಿತ್ತು. ಪೊಲೀಸರು ಕೈಯಾಗ ಕೊಟ್ಟ ಕೂಡ್ಲೇ ತಿಳದಿತ್ತು. ಗಂಟ ನಂದಲ್ಲಂತ ಬೆರಳಿಗಿ ಗೊತ್ತಾತು. ನಾ ಕತ್ತಲ್ಯಾಗೂ ನನ್ನ ಗಂಟ ಗುರ್ತ ಹಿಡೀತೀನಿ, ಸಾತೂ. ಆದ್ರ ಹುಡುಕಿ ಹುಡುಕಿ ಸಾಕಾಗಿತ್ತು. ನಮ್ದ ಅಂದುಬಿಟ್ಟೆ."

ದೂರದಲ್ಲಿ ಗಾಡಿ ಕೂಗಿತು. ಚೀಲದ ಮೇಲಿನ ನಾಯಿ ತಲೆ ಎತ್ತಿತು.

ಸಾತಲಿಂಗಪ್ಪ ಬೆಂಚಿನಿಂದ ಅರ್ಧ ಎದ್ದು ಮತ್ತೆ ಕೂತ. "ಅಂದ್ರ? ಗೊತ್ತಿದ್ದೂ ನನ್ನ ಹುಗದಿ?"

"ಹೂಂ."

"ನಾ ಎಲ್ಯಾರ ಜೀವಂತ ಇರಬಹುದಂತ ಗೊತ್ತಿದ್ದೂ?"

"ಅದಕ್ಕ ದಿನಾ ನೀರ ಹಾಕ್ತಿದ್ದೆ" ಎಂದಳು ಗುರುಬಾಯಿ. "ಅವಗ ಹಾಕ್ತಿದ್ದೆ, ನಿನಗಲ್ಲ. ನಿನ್ನ ಹೆಸರಿನ್ಯಾಗ ಅವನ ಕೂಡಿಸೀನಿ, ಅವ ಸಿಟ್ಟಾಗಬಾರದಂತ. ಇವತ್ತ ಕಲ್ಲ ಮ್ಯಾಲ ಅವನ ಹೆಸರ ಬರಸ್ತೀನಿ. ಅವನ ಅವ್ವನ ಕೈಲೆ ನೀರ ಹಾಕಸ್ತೀನಿ. ಹೇಳೇ ಹೇಳ್ತೀನಿ."

ಗಾಡಿ ಬಂತು. ಗಾಳಿ ಎದ್ದು ಬೇವಿನ ಎಲೆಗಳು ಪ್ಲಾಟ್‌ಫಾರ್ಮಿನ ಉದ್ದಕ್ಕೂ ಓಡಿದವು. ಇಳಿದವರು ಏಳೆಂಟು ಮಂದಿ. ಮೂರನೆಯ ಡಬ್ಬಿಯ ಬಾಗಿಲಲ್ಲಿ ಒಬ್ಬ ಸಣ್ಣ ಮುದುಕಿ ಕಂಬಿ ಹಿಡಿದು ನಿಂತಿದ್ದಳು. ಕಂಕುಳಲ್ಲಿ ಬಟ್ಟೆ ಕಟ್ಟಿದ ಸ್ಟೀಲಿನ ಡಬ್ಬಿ. ಇಳಿಯುವ ಮೊದಲು ಕತ್ತು ಎತ್ತಿ, ಪ್ಲಾಟ್‌ಫಾರ್ಮಿನ ಮೇಲಿದ್ದ ಗಂಡಸರ ಮುಖಗಳನ್ನೆಲ್ಲ ಒಂದೊಂದಾಗಿ ನೋಡುತ್ತಿದ್ದಳು. ಅಕ್ಕಲಕೋಟಿನ ಛತ್ರದಲ್ಲಿ ತಾನು ಹೀಗೇ ನೋಡುತ್ತ ನಡೆದಿದ್ದು ಗುರುಬಾಯಿಗೆ ನೆನಪಾಯಿತು.

"ಅಕ್ಕಾ, ತಡಿ" ಎಂದ ಸಾತಲಿಂಗಪ್ಪ. ಅವನ ದನಿಯಲ್ಲಿ ಸಿಟ್ಟಿತ್ತೋ ಅಳುವಿತ್ತೋ, ಅವನಿಗೇ ತಿಳಿಯುತ್ತಿರಲಿಲ್ಲ. "ಮೊದಲ ನನಗ ಹೇಳು. ಒಂದ ದಿನಾರ, ನಾ ಬರ್ತೀನಂತ ನಿನಗ ಅನಸಿದ್ದ..."

ಗುರುಬಾಯಿ ಆಗಲೇ ಎದ್ದಿದ್ದಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ದಾರವಿದ್ದ ಕೈಯನ್ನು ತೆರೆದು ಮುಂದೆ ಚಾಚಿಕೊಂಡು, ಮೂರನೆಯ ಡಬ್ಬಿಯ ಕಡೆಗೆ ನಡೆದಳು.